ಅಭ್ಯಾಸ ಮಾಡಿದ ಅಪರಾಧ

ನೊರೀನ್ ಸಗ್ಡೆನ್ ಬಗ್ಗೆ ಇದುವರೆಗೆ ನಾಲ್ಕು ಪುಸ್ತಕ ಬಂದಿವೆ. ನಾಲ್ಕನ್ನೂ ಓದಿದ್ದೇನೆ. ಒಂದನ್ನು ಬೇಕೆಂದೇ ಬಸ್ಸಿನಲ್ಲಿ ಬಿಟ್ಟು ಬಂದೆ.

ಅವಳು ಬೇಸ್ ಗಿಟಾರ್ ಬಾರಿಸುತ್ತಿದ್ದ ರೀತಿ ಇವತ್ತು ಲೀಡ್ಸ್‌ನಿಂದ ಓಸ್ಲೋವರೆಗಿನ ಎಳೆಯ ತಂಡಗಳೆಲ್ಲ ಹಂಚಿಕೊಂಡಿರುವ ಕದ್ದ ಮಾಲು. ಲಯದ ಮೊದಲ ಪೆಟ್ಟಿಗೆ ಉಳಿದವರೆಲ್ಲ ಧಡಕ್ಕನೆ ಬೀಳುವಾಗ ಅವಳು ಸುಮ್ಮನಿರುತ್ತಾಳೆ. ಎರಡನೆಯದಕ್ಕೆ ಬರುತ್ತಾಳೆ, ಯಾರೋ ಹೋದ ಮೇಲೆ ಬಾಗಿಲು ಮುಚ್ಚಿಕೊಂಡ ಹಾಗೆ. ಇದರ ಮೇಲೆ ಪ್ರೊಫೆಸರ್ ಒಬ್ಬ ಮುನ್ನೂರು ಪುಟ ಬರೆದಿದ್ದಾನೆ. ಮೊದಲ ಪೆಟ್ಟೆಂದರೆ ಕಾರ್ಖಾನೆಯ ಗಡಿಯಾರವಂತೆ, ಅದನ್ನು ನಿರಾಕರಿಸುವುದೆಂದರೆ ಬಂಡವಾಳದ ಕಾಲವನ್ನೇ ನಿರಾಕರಿಸುವುದಂತೆ. ಅವನು ನನ್ನ ಮನೆಗೂ ಬಂದಿದ್ದ. ನಾನು ಮಾಡಿದ್ದ ಕೇಕಿನ ಮೂರು ತುಂಡು ತಿಂದ. "ಅದೇನೂ ಅಲ್ಲಪ್ಪ, ಅದು ಎರಡನೇ ಕೊಂಬಿನವರ ಪಾಲು," ಅಂದೆ. "ಎಂಥ ರೂಪಕ!" ಎಂದು ಬರೆದುಕೊಂಡ. ರೂಪಕ, ಅವನಜ್ಜಿ ತಲೆ.

ನೊರೀನ್ ಕ್ಯಾಂಟೀನ್ ಕಮಿಟಿ ತಂಡವನ್ನು ಬಿಟ್ಟದ್ದು ಏಕೆ ಎಂಬುದಕ್ಕೆ ನಾಲ್ಕೂ ಪುಸ್ತಕಗಳಲ್ಲಿ ಒಂದೇ ಉತ್ತರವಿದೆ: ಕಲಾತ್ಮಕ ಭಿನ್ನಾಭಿಪ್ರಾಯ. ಸುಳ್ಳು. ಅವಳನ್ನು ಮತ ಹಾಕಿ ಹೊರಗಟ್ಟಲಾಯಿತು. ಆರೋಪ: ಅಭ್ಯಾಸ ಮಾಡಿದ್ದು. ನಡಾವಳಿ ಬರೆದವಳು ನಾನು, ಆ ತಂಡದ ಡ್ರಮ್ ಬಾರಿಸುತ್ತಿದ್ದ ಗ್ಲೆನಿಸ್ ಟಾರ್ಡಾಫ್.

ಅದು ಸಾವಿರದ ಒಂಬೈನೂರ ಎಂಬತ್ತು. ಕಾರ್ಮಿಕ ಸಂಘಗಳೆಂದರೆ ಆಗದ ಆ ಹೆಂಗಸು ಬ್ರಿಟನ್ನಿನ ಪ್ರಧಾನಿಯಾಗಿ ವರ್ಷವಾಗಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಾವು ನಾಲ್ವರು ಲೀಡ್ಸ್‌ನ ಒಂದು ಕೆಂಪಿಟ್ಟಿಗೆ ಮನೆಯ ಅಟ್ಟದಲ್ಲಿ ಸೇರುತ್ತಿದ್ದೆವು. ತಂಡ ಹುಟ್ಟಿದ್ದು ಎಡಪಂಥದ ಪುಸ್ತಕದಂಗಡಿಯೊಂದರ ಮಹಡಿಯ ಓದುಕೂಟದಲ್ಲಿ. ಆ ಕೂಟವನ್ನು ನಾನು ಬರೀ ಗೇಲಿ ಮಾಡಲಾರೆ. ಬಸ್ ಕಂಡಕ್ಟರನ ಮಗಳಾದ ನನ್ನ ಮಾತನ್ನು ನಡುವೆ ಯಾರೂ ತುಂಡರಿಸದೆ ಮೂರು ನಿಮಿಷ ಕೇಳಿಸಿಕೊಂಡದ್ದು ಅಲ್ಲಿ, ಜೀವನದಲ್ಲಿ ಮೊದಲ ಸಲ. ಮೊಟ್ಟೆ ಬೇಯಿಸುವ ಮರಳುಗಡಿಯಾರ ಇಟ್ಟು ಕೇಳುತ್ತಿದ್ದರು, ನಿಜ. ಆದರೂ ಕೇಳುತ್ತಿದ್ದರು.

ತಂಡದ ನಿಯಮಗಳನ್ನು ಬರೆದವನು ಕ್ರಿಸ್ಪಿನ್. ಗಿಟಾರ್ ಅವನದು, ಹಾಡುವವನೂ ಅವನೇ, ನಾಯಕನೂ ಅವನೇ. ಆದರೆ ನಾಯಕ ಎಂಬ ಪದವನ್ನು ಎರಡನೇ ನಿಯಮ ನಿಷೇಧಿಸಿತ್ತು. ನಾಲ್ಕನೇ ನಿಯಮ ಹೀಗಿತ್ತು: "ಸದಸ್ಯರು ಯಾವುದೇ ವಾದ್ಯವನ್ನು ಖಾಸಗಿಯಾಗಿ ಅಭ್ಯಾಸ ಮಾಡಕೂಡದು. ಕೌಶಲವೆಂಬುದು ಖಾಸಗಿ ಆಸ್ತಿ." ದಕ್ಷಿಣದ ಶಸ್ತ್ರವೈದ್ಯರೊಬ್ಬರ ಮಗ ಕ್ರಿಸ್ಪಿನ್. ಮನೆಗೇ ಮೇಷ್ಟ್ರು ಬಂದು ಹನ್ನೊಂದು ವರ್ಷ ಚೆಲ್ಲೋ ಕಲಿಸಿದ್ದರು. ಕ್ರಾಂತಿಗಾಗಿ ಅದನ್ನೆಲ್ಲ ಮರೆತಿದ್ದ. ಮರೆಯಬೇಕಾದರೂ ಮೊದಲು ಯಾರಾದರೂ ಕಲಿಸಿರಬೇಕು ಎಂಬುದು ಅವನಿಗೆ ಹೊಳೆದಿರಲಿಲ್ಲ.

ಕೀಬೋರ್ಡಿಗೆ ಇಮೊಜೆನ್, ಒಬ್ಬ ಬಿಷಪ್ಪರ ಮೊಮ್ಮಗಳು. ಸೂಜಿ ಹೋದಲ್ಲಿಗೆ ದಾರ ಎಂಬಂತೆ ಕ್ರಿಸ್ಪಿನ್ ಕೈ ಎತ್ತಿದರೆ ಅವಳ ಕೈಯೂ ಏಳುತ್ತಿತ್ತು.

ಬೇಸ್‌ಗೆ ಜನ ಬೇಕಾದಾಗ ಪುಸ್ತಕದಂಗಡಿಯಲ್ಲಿ ಚೀಟಿ ಅಂಟಿಸಿದೆವು: "ಬಾರಿಸಲು ಬರುವವರು ದಯವಿಟ್ಟು ಬರಬೇಡಿ." ಬಂದವಳು ನೊರೀನ್. ಬೆಟ್ಟದಾಚೆ ಥ್ರಮ್ಲಿ ಎಂಬ ಗಿರಣಿ ಊರಿನವಳು. ಬಟ್ಟೆ ದುರಸ್ತಿ ಕೋಣೆಯಲ್ಲಿ ಕೆಲಸ: ಮಗ್ಗದಿಂದ ಬಂದ ಉಣ್ಣೆಬಟ್ಟೆಯಲ್ಲಿ ತಪ್ಪಿದ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ, ಯಾರ ಕಣ್ಣಿಗೂ ಕಾಣದಂತೆ ಸೂಜಿಯಿಂದ ನೇಯ್ದು ಸರಿಪಡಿಸುವುದು. ಸೆಪ್ಟೆಂಬರಿನಲ್ಲಿ ಗಿರಣಿ ಮುಚ್ಚುತ್ತದೆಂದು ಆಗಲೇ ನೋಟೀಸು ಬಿದ್ದಿತ್ತು.

"ಬೇಸ್ ಮುಟ್ಟಿದೀಯಾ ಯಾವಾಗಾದ್ರೂ?" ಎಂದು ನಾನು ಕೇಳಿದೆ.

"ಇಲ್ಲ ಕಣೇ. ಅದೇ ಬೇಕು ಅಂತ ತಾನೆ ಬರ್ದಿರೋದು?"

ಎರಡು ತಿಂಗಳಲ್ಲಿ ನಮ್ಮ ಗದ್ದಲಕ್ಕೆ ಬೆನ್ನುಮೂಳೆ ಬಂತು. ಹೇಗೆ ಬಂತೆಂದು ಯಾರೂ ಕೇಳಲಿಲ್ಲ, ಏಪ್ರಿಲ್‌ನಲ್ಲಿ ಆ ಪತ್ರ ಬರುವವರೆಗೆ.

ಲಂಡನ್ನಿನ ಒಂದು ಸಣ್ಣ ರೆಕಾರ್ಡ್ ಕಂಪನಿಗೆ ನಮ್ಮ ಕ್ಯಾಸೆಟ್ ಕಳಿಸಿದ್ದೆವು. ಜುಲೈನಲ್ಲಿ ಬಂದು ಒಂದು ರೆಕಾರ್ಡ್ ಮಾಡಿ ಎಂದು ಉತ್ತರ ಬಂತು. ಪತ್ರದಲ್ಲಿ ಹಾಡಿನ ಬಗ್ಗೆ ಒಂದು ಸಾಲು. ಗಿಟಾರಿನ ಬಗ್ಗೆ ಸೊನ್ನೆ. ಕೊನೆಗೆ, "ಆ ಬೇಸ್ ಇಲ್ಲದಿದ್ದರೆ ಬರಬೇಡಿ." ಕಾರ್ಯದರ್ಶಿಯಾದ್ದರಿಂದ ಲಕೋಟೆ ಒಡೆದವಳು ನಾನೇ. ಕ್ರಿಸ್ಪಿನ್ ಓದಿ, ಮಡಿಸಿ, ಜೇಬಿಗಿಟ್ಟ. "ವ್ಯಕ್ತಿಪೂಜೆಯ ಭಾಗಗಳನ್ನು ಸಭೆಯಲ್ಲಿ ಓದುವ ಅಗತ್ಯವಿಲ್ಲ," ಎಂದ. ರೆಕಾರ್ಡ್ ಮಾಡಲು ಕರೆದಿದ್ದಾರೆ ಎಂದಷ್ಟೇ ಸಭೆಗೆ ತಿಳಿಸಿದ. ನಾನೂ ಬಾಯಿ ಮುಚ್ಚಿಕೊಂಡೆ. ಇದನ್ನು ಬರೆಯುವಾಗ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಗಿರಣಿಯಿಂದ ಆಚೆ ಹೋಗಲು ನೊರೀನ್‌ಗೆ ಇದ್ದ ಒಂದೇ ಬಾಗಿಲು ಆ ಜುಲೈ. ಸುದ್ದಿ ಕೇಳಿದ ದಿನ ಅವಳು ಅಟ್ಟದ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದದ್ದು ನನ್ನ ಕಣ್ಣಲ್ಲಿದೆ.

ಮುಂದಿನ ಸಭೆಯಲ್ಲೇ ಕ್ರಿಸ್ಪಿನ್ ಶುರು ಮಾಡಿದ. ಮಾತಾಡುವಾಗಲೂ ಅವನು ಪುಸ್ತಕದ ಹಾಗೇ ಮಾತಾಡುತ್ತಿದ್ದ.

"ಸಂಗಾತಿ ನೊರೀನ್, ನೀನು ಗುಟ್ಟಾಗಿ ಅಭ್ಯಾಸ ಮಾಡುತ್ತಿರುವೆ ಎಂಬ ಅನುಮಾನ ಸಮಿತಿಗೆ ಬಂದಿದೆ."

"ಸಮಿತಿ ಅಂದ್ರೆ ಯಾರಿಗಪ್ಪಾ ಬಂದಿರೋದು, ನಿನಗಾ?"

"ಬೇಸ್ ಗಿಟಾರನ್ನು ಮನೆಗೆ ಒಯ್ಯುತ್ತೀಯಾ?"

"ಅದು ಇಲ್ಲೇ ಬಿದ್ದಿರುತ್ತಲ್ಲ ಮಾರಾಯ, ನಿನ್ನ ನಾರೋ ಕಾಲುಚೀಲ ಒಣಗಾಕಿರೋ ಕುರ್ಚಿ ಪಕ್ಕದಲ್ಲಿ."

"ಹಾಗಾದರೆ ಈ ನಿಖರತೆ ಎಲ್ಲಿಂದ ಬಂತು?"

ನೊರೀನ್‌ಗೆ ಸುಳ್ಳು ಬರುತ್ತಿರಲಿಲ್ಲ. ಬಟ್ಟೆಯ ತಪ್ಪು ಹುಡುಕುವವರ ಕಷ್ಟ ಅದು. "ಮಂಗಳವಾರ, ಗುರುವಾರ ಅಪ್ಪನ ಬ್ಯಾಂಡಲ್ಲಿ ಕೊಂಬು ಊದ್ತೀನಿ. ಒಂಬತ್ತನೇ ವಯಸ್ಸಿಂದ. ಅದು ಬೇಸ್ ಅಲ್ವಲ್ಲ," ಅಂದಳು.

ಗಿರಣಿಯ ಹಿತ್ತಾಳೆ ಬ್ಯಾಂಡು! ಅಂಚುಪಟ್ಟಿಯ ಕೋಟು, ಹಿತ್ತಾಳೆ ಗುಂಡಿ, ಮೆರವಣಿಗೆಯ ಹಾಡು! ಅವಳು ಸಾರಾಯಿ ಕಾಯಿಸುತ್ತೇನೆ ಎಂದಿದ್ದರೆ ಇಮೊಜೆನ್ ಅಷ್ಟು ಬೆಚ್ಚುತ್ತಿರಲಿಲ್ಲ. ಕ್ರಿಸ್ಪಿನ್ ನಿಯಮಗಳ ಹಾಳೆ ತೆಗೆದು "ಯಾವುದೇ ವಾದ್ಯವನ್ನು" ಎಂಬಲ್ಲಿ ಬೆರಳಿಟ್ಟ. ಸಮಿತಿ ಖುದ್ದಾಗಿ ಹೋಗಿ ನೋಡಿ, ಆಮೇಲೆ ತೀರ್ಮಾನಿಸುವುದೆಂದು ನಿರ್ಣಯವಾಯಿತು.

ನೋಡಲು ಹೋದ ದಿನ ವಿಟ್ ಶುಕ್ರವಾರ. ಮೇ ಕೊನೆಯ ಹೊತ್ತಿಗೆ ಬರುವ ಆ ಚರ್ಚಿನ ಹಬ್ಬದ ದಿನ ಬೆಟ್ಟದ ಹಳ್ಳಿಗಳಿಗೆಲ್ಲ ಬ್ಯಾಂಡಿನ ಹುಚ್ಚು ಹಿಡಿಯುತ್ತದೆ. ಪ್ರತಿ ಬ್ಯಾಂಡೂ ಬಸ್ಸು ಮಾಡಿಕೊಂಡು ಊರಿಂದೂರಿಗೆ ಓಡುತ್ತದೆ. ಪ್ರತಿ ಊರಲ್ಲೂ ಬೀದಿಯುದ್ದ ನಡೆದು, ಕೊನೆಗೆ ಒಂದು ಕ್ಯಾರವಾನ್ ಗಾಡಿಯ ಮುಂದೆ ನಿಂತು ಸ್ಪರ್ಧೆಯ ಹಾಡು ಊದುತ್ತದೆ. ಗಾಡಿಯ ಕಿಟಕಿಗೆಲ್ಲ ಪರದೆ. ಒಳಗೆ ತೀರ್ಪುಗಾರ. ಯಾರು ಊದುತ್ತಿದ್ದಾರೆಂದು ಅವನಿಗೆ ಕಾಣಬಾರದು, ಕಿವಿಯೊಂದೇ ಲೆಕ್ಕ. ಕೊನೆಯ ಬ್ಯಾಂಡು ಹೋಗುವವರೆಗೆ ಅವನು ಹೊರಗೆ ಇಣುಕುವಂತಿಲ್ಲ. ಒಳಗೊಂದು ಬಕೆಟ್ ಕೊಟ್ಟಿರುತ್ತಾರೆ ಎಂಬುದು ಜನರ ಮಾತು.

ಥ್ರಮ್ಲಿ ಬ್ಯಾಂಡಿನ ಬಸ್ಸಿನಲ್ಲೇ ನಮಗೂ ಜಾಗ ಸಿಕ್ಕಿತು. ಬ್ಯಾಂಡಿನ ಯಜಮಾನ ನೊರೀನ್‌ಳ ಅಪ್ಪ ಅರ್ನೆಸ್ಟ್, ಬಣ್ಣ ಹಾಕುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ಉಗುರೆಲ್ಲ ನೀಲಿಯಾಗಿದ್ದ ಕುಳ್ಳ ಮನುಷ್ಯ. ಕ್ರಿಸ್ಪಿನ್‌ನ ಮಿಲಿಟರಿ ಕೋಟನ್ನು ಮೇಲಿಂದ ಕೆಳಗೆ ನೋಡಿದ.

"ಯುದ್ಧ ಮುಗ್ದು ಬಾಳ ದಿನ ಆಯ್ತಲ್ಲ ಮಗಾ. ಯಾರೂ ಹೇಳ್ಲಿಲ್ವಾ ನಿಂಗೆ?"

ಬಸ್ಸಿನ ಹಿಂದಿನ ಸೀಟಿನಲ್ಲಿ ನೊರೀನ್ ಪಕ್ಕ ಕೂತಾಗ ನನಗೆ ತಡೆಯಲಾಗಲಿಲ್ಲ. ಪತ್ರದ ಕೊನೆಯ ಸಾಲನ್ನು ಅವಳ ಕಿವಿಯಲ್ಲಿ ಹೇಳಿಬಿಟ್ಟೆ. ಅವಳು ಮಡಿಲಲ್ಲಿದ್ದ ಕೊಂಬಿನ ಬಾಯನ್ನು ಅಂಗೈಯಿಂದ ಒರೆಸುತ್ತಾ ಕೂತಳು.

"ಯಾವಾಗ ಬಂತು?"

"ಏಪ್ರಿಲ್‌ನಲ್ಲಿ."

"ಆರು ವಾರ ಹೊಟ್ಟೇಲಿ ಇಟ್ಕೊಂಡಿದ್ಯಾ? ಅಜೀರ್ಣ ಆಗ್ಲಿಲ್ವೇನೇ ನಿನಗೆ?" ಅಂದಳು. ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು.

ಎರಡನೇ ಊರಿನಲ್ಲಿ ಎಡವಟ್ಟಾಯಿತು. ದೊಡ್ಡ ಡೋಲಿನ ಸಿರಿಲ್ ಮೊದಲ ಊರಿನಲ್ಲೇ ಬಿಯರಿನೊಂದಿಗೆ ಒಪ್ಪಂದ ಮಾಡಿಕೊಂಡಿದ್ದ. ಬಸ್ಸಿನಿಂದ ಇಳಿಯುವಾಗ ಇದ್ದ ಮೂರು ಮೆಟ್ಟಿಲಿನಲ್ಲಿ ಅವನಿಗೆ ಎರಡೇ ಕಂಡವು. ಕಾಲು ಉಳುಕಿ ಬೀದಿಯಂಚಿನಲ್ಲಿ ಕೂತು, "ನನ್ನ ಬಿಟ್ಟು ಹೋಗಿ, ನನ್ನ ಬಿಟ್ಟು ಹೋಗಿ," ಎಂದು ನಾಟಕದ ರಾಜನಂತೆ ಗೋಳಾಡಿದ. ಅರ್ನೆಸ್ಟ್ ನನ್ನ ಕಡೆ ತಿರುಗಿದ.

"ಏನವ್ವಾ, ನೀನು ಡ್ರಮ್ಮು ಹೊಡೆಯೋಳಂತಲ್ಲ?"

"ಹೊಡೀತೀನಿ, ಆದ್ರೆ ನನಗೆ ಸರಿಯಾಗಿ ಬರಲ್ಲ. ಬರಬಾರದು ಅಂತ ನಿಯಮ ಇದೆ."

"ಎಂಥಾ ನಿಯಮಾನೋ. ಇಲ್ಲಿ ಕೇಳು. ಒಂದಕ್ಕೆ ಹೊಡಿ, ಎರಡಕ್ಕೆ ಬಿಡು. ಒಂದು ನಿಂದು. ಎರಡು ನನ್ ಮಗಳ್ದು."

ಸಿರಿಲ್‌ನ ಕೋಟು ನನ್ನ ಮೊಣಕಾಲು ದಾಟುತ್ತಿತ್ತು. ಡೋಲಿನ ಮರೆಯಲ್ಲಿ ಮುಂದೇನೂ ಕಾಣುತ್ತಿರಲಿಲ್ಲ. ಹೊಡೆದೆ. ಢಂ. ಹಿಂದಿನಿಂದ, ನನ್ನ ಪೆಟ್ಟು ನೆಲಕ್ಕೆ ಬೀಳುವಷ್ಟರಲ್ಲಿ ಅದನ್ನು ಕೈಚಾಚಿ ಹಿಡಿದಂತೆ, ಪಾ. ಮತ್ತೆ ಢಂ. ಮತ್ತೆ ಪಾ. ಬೀದಿಯ ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು. ನಮ್ಮ ಕ್ಯಾಂಟೀನ್ ಕಮಿಟಿಯ ಬೇಸ್ ಇದೇ! ಮೆರವಣಿಗೆಯ ಹಾಡಿನಲ್ಲಿ ಎರಡನೇ ಕೊಂಬಿಗೆ ರಾಗವಿಲ್ಲ, ಮೆರೆತವಿಲ್ಲ. ಬೇರೆಯವರ ಮೊದಲ ಪೆಟ್ಟಾದ ಮೇಲೆ ಬಂದು ತಂಡವನ್ನು ಎತ್ತಿ ಮುಂದಕ್ಕೆ ದೂಡುವುದಷ್ಟೇ ಕೆಲಸ. ಒಂಬತ್ತನೇ ವಯಸ್ಸಿನಿಂದ ಅವಳು ಮೊದಲ ಪೆಟ್ಟನ್ನು ಊದಿದವಳೇ ಅಲ್ಲ. ಅದು ಅವಳ ಪಾಲಿಗೆ ಬಂದೇ ಇರಲಿಲ್ಲ. ಬೇಸ್ ಕೈಗೆ ಬಂದಾಗಲೂ ತನಗೆ ಗೊತ್ತಿದ್ದ ಜಾಗದಲ್ಲೇ ನಿಂತಳು. ಸಿದ್ಧಾಂತವೂ ಇಲ್ಲ, ಮಣ್ಣೂ ಇಲ್ಲ.

ಆ ಸಂಜೆ ಏಳು ಊರು ನಡೆದೆವು. ಮೂರನೆಯದರ ಹೊತ್ತಿಗೆ ನನ್ನ ಕೈ ಹದಕ್ಕೆ ಬಂದಿತ್ತು. ಇಮೊಜೆನ್ ಬೇಯಿಸಿದ ಬಟಾಣಿ ತಿನ್ನುತ್ತಾ ಕಾಲು ಕುಣಿಸುತ್ತಿದ್ದಳು; ಕ್ರಿಸ್ಪಿನ್ ನೋಡಿದಾಗಲೆಲ್ಲ ನಿಲ್ಲಿಸುತ್ತಿದ್ದಳು. ಅವನು ಪುಸ್ತಕ ಹಿಡಿದು ಬರೆಯುತ್ತಲೇ ಇದ್ದ. ಕೊನೆಯ ಊರಿನಲ್ಲಿ ತೀರ್ಪುಗಾರನ ಷರಾ ಚೀಟಿಯನ್ನು ಅರ್ನೆಸ್ಟ್‌ನಿಂದ ಕೇಳಿ ಪಡೆದ. ಅರ್ನೆಸ್ಟ್ ಹೆಮ್ಮೆಯಿಂದಲೇ ಕೊಟ್ಟ, ಪಾಪ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ. ಕ್ರಿಸ್ಪಿನ್ ಚೀಟಿ ಎತ್ತಿ ಹಿಡಿದ.

"ಸಾಕ್ಷ್ಯ. ತೀರ್ಪುಗಾರನಿಗೆ ಆರೋಪಿಯ ಮುಖ ಕಾಣುತ್ತಿರಲಿಲ್ಲ, ಆದ್ದರಿಂದ ಪಕ್ಷಪಾತದ ಪ್ರಶ್ನೆಯೇ ಇಲ್ಲ. ಓದುತ್ತೇನೆ: 'ಎರಡನೇ ಕೊಂಬು ಅಮೋಘ. ಇಡೀ ತಂಡವನ್ನು ಹೊತ್ತಿದೆ. ವರ್ಷಗಳ ಅಭ್ಯಾಸ ಎದ್ದು ಕೇಳುತ್ತದೆ.'"

"ಮುಂದಿನ ಸಾಲೂ ಓದು," ಅಂದಳು ನೊರೀನ್.

"ಅದು ಅಪ್ರಸ್ತುತ."

ಅವಳು ಚೀಟಿ ಕಿತ್ತುಕೊಂಡು ಓದಿದಳು: "'ದೊಡ್ಡ ಡೋಲು: ಉತ್ಸಾಹ ಬಹಳ. ಅಭ್ಯಾಸ ಸಾಲದು.' ನೋಡಯ್ಯಾ, ಗ್ಲೆನಿಸ್ ಮರ್ಯಾದಸ್ಥೆ. ನಾಲ್ಕನೇ ನಿಯಮ ಪಾಲಿಸಿದಾಳೆ."

ನಾನು ನಕ್ಕೆ. ನಗುವನ್ನು ನಡಾವಳಿಯಲ್ಲಿ ಬರೆಯಬೇಕೇ ಎಂದು ಇಮೊಜೆನ್ ಕೇಳಿದಳು.

ಉಚ್ಚಾಟನೆಯ ನಿರ್ಣಯ ಕ್ರಿಸ್ಪಿನ್ ಮಂಡಿಸಿದ, ಇಮೊಜೆನ್ ಅನುಮೋದಿಸಿದಳು. ಇಲ್ಲಿ ಅವನ ಲೆಕ್ಕಾಚಾರ ತಿಳಿಯಬೇಕು. ನೊರೀನ್ ಹೋಗುವುದು ಅವನಿಗೂ ಬೇಕಿರಲಿಲ್ಲ. ಅವಳಿಲ್ಲದೆ ಲಂಡನ್ ಇಲ್ಲ. ಅವನಿಗೆ ಬೇಕಿದ್ದದ್ದು ಸಮಬಲ: ನಿರ್ಣಯಕ್ಕೆ ಅವನೂ ಇಮೊಜೆನ್ನೂ ಪರ, ನಾನೂ ನೊರೀನೂ ವಿರುದ್ಧ. ಮತ ಸಮವಾದರೆ ಉಚ್ಚಾಟನೆ ಬಿದ್ದುಹೋಗುತ್ತದೆ, ಆದರೆ ಆರೋಪಿ ಎದ್ದು ನಿಂತು ಆತ್ಮವಿಮರ್ಶೆ ಓದಬೇಕು ಎಂದು ನಿಯಮವಿತ್ತು. ಆ ಆತ್ಮವಿಮರ್ಶೆಯನ್ನು ಅವನೇ ಮೊದಲೇ ಬರೆದು ಬೆರಳಚ್ಚು ಮಾಡಿಸಿದ್ದ. ಅವಳ ಆತ್ಮ, ಇವನ ವಿಮರ್ಶೆ.

ಆ ಹಾಳೆಯನ್ನು ಅವಳ ಕಡೆ ಜಾರಿಸಿದ. "ಸಮಯ ಉಳಿಸಲು ಮೊದಲೇ ಕಣ್ಣಾಡಿಸಬಹುದು."

ನೊರೀನ್ ತುಟಿ ಅಲುಗಿಸುತ್ತಾ ಓದಿದಳು. ಆಮೇಲೆ ಗಟ್ಟಿಯಾಗಿ: "'ನನ್ನ ತಂದೆಯ ತಂಡವು ಗಿರಣಿ ಮಾಲೀಕರು ಕಾರ್ಮಿಕರನ್ನು ಮಂಕುಗೊಳಿಸಲು ನೀಡಿದ ಆಟಿಕೆ. ಅದರಲ್ಲಿ ಪಾಲ್ಗೊಂಡದ್ದಕ್ಕಾಗಿ ನಾಚುತ್ತೇನೆ.' ಇದನ್ನ ನಾನು ಓದಬೇಕಾ?"

"ಇದು ಚಾರಿತ್ರಿಕ ಸತ್ಯ. ಆ ವಾದ್ಯಗಳನ್ನು ಕೊಂಡುಕೊಟ್ಟದ್ದು ಮಾಲೀಕನೇ."

"ಹೌದಪ್ಪಾ. ಕೊಂಬು ಧಣಿದು. ಉಸಿರು ಯಾರದು? ಬಣ್ಣದ ತೊಟ್ಟಿ ಆವಿ ಕುಡಿದು ಕುಡಿದು ನಮ್ಮಪ್ಪಂಗೆ ಉಳಿದಿರೋದು ಒಂದೂವರೆ ಶ್ವಾಸಕೋಶ. ಅದರಲ್ಲೇ ಊದ್ತಾನೆ. ಅವನಿಗೆ ಕಲಿಸೋಕೆ ಮನೆಗೆ ಮೇಷ್ಟ್ರು ಬರ್ಲಿಲ್ಲ ಕಣಯ್ಯ. ಪಕ್ಕದ ತೊಟ್ಟಿಯೋನು ಕಲಿಸಿದ. ಅಪ್ಪ ನನಗೆ ಕಲಿಸಿದ. ಖಾಸಗಿ ಆಸ್ತಿ ಅಂತೀಯಲ್ಲ, ನಮ್ಮ ಬೀದೀಲಿ ಬೇಲಿ ಇಲ್ಲದ ಆಸ್ತಿ ಅಂದ್ರೆ ಅದೊಂದೇ."

"ಮೂರು ನಿಮಿಷ ಮುಗಿಯಿತು," ಎಂದಳು ಇಮೊಜೆನ್. ಮರಳುಗಡಿಯಾರದ ಮರಳು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

"ಮತಕ್ಕೆ ಹಾಕೋಣ," ಎಂದ ಕ್ರಿಸ್ಪಿನ್. "ಉಚ್ಚಾಟನೆಯ ಪರ?"

ಅವನ ಕೈ ಎದ್ದಿತು. ಇಮೊಜೆನ್‌ಳ ಕೈ ಎದ್ದಿತು. ನಾನು ಪೆನ್ನು ಹಿಡಿದು ಎರಡು ಎಂದು ಬರೆಯುವಷ್ಟರಲ್ಲಿ ಮೂರನೇ ಕೈ ಕಂಡಿತು. ಬೆರಳ ತುದಿಗಳಲ್ಲಿ ಸೂಜಿಯ ಗುರುತು.

"ಸಂಗಾತಿ, ನಾನು ಪರ ಇರುವವರನ್ನು ಕೇಳುತ್ತಿದ್ದೇನೆ."

"ಕಿವಿ ಕೇಳುತ್ತೆ ನನಗೆ. ಅಭ್ಯಾಸ ಮಾಡಿದೀನಿ. ನಾಡಿದ್ದು ಮಂಗಳವಾರಾನೂ ಮಾಡ್ತೀನಿ. ನಿಯಮ ಅಂದ್ರೆ ನಿಯಮ ಅಲ್ವಾ? ಬರ್ಕೋ ಗ್ಲೆನಿಸ್."

"ವಿರುದ್ಧ?" ಎಂದ ಅವನು. ನಾನೊಬ್ಬಳೇ ಕೈ ಎತ್ತಿದೆ. ಬೇಡವಾದ ಹೊತ್ತಿನಲ್ಲಿ ಬಂದ ನನ್ನ ಧೈರ್ಯವನ್ನು ಕಂಡು ನೊರೀನ್ ತಲೆಯಾಡಿಸಿದಳು.

ಮೂರು, ಒಂದು. ಬರೆದೆ. ಗೆರೆ ಎಳೆದೆ.

ಕ್ರಿಸ್ಪಿನ್‌ಗೆ ಆಗ ಅರ್ಥವಾಯಿತು. ನಿಯಮಗಳ ಹಾಳೆಗಳನ್ನು ಮಗುಚತೊಡಗಿದ. "ಪುನರ್‌ಪರಿಶೀಲನೆಗೆ ನಿರ್ಣಯ ಮಂಡಿಸುತ್ತೇನೆ," ಎಂದ.

"ಹನ್ನೊಂದನೇ ನಿಯಮ," ಅಂದೆ ನಾನು. "ಉಚ್ಚಾಟನೆ ಆದ್ಮೇಲೆ ಆರು ತಿಂಗಳು ಅದರ ಬಗ್ಗೆ ಚರ್ಚೆ ಮಾಡೋ ಹಾಗಿಲ್ಲ."

"ಯಾರು ಬರೆದದ್ದು ಇದನ್ನು?"

ಇಮೊಜೆನ್ ಅವನ ಕಡೆ ನೋಡಿದಳು. ನಮ್ಮ ಪರಿಚಯದ ಒಂದೂವರೆ ವರ್ಷದಲ್ಲಿ ಅವಳಾಗಿ ಅವಳು ಮಾಡಿದ ಮೊದಲ ಕೆಲಸ ಅದು. "ನೀನೇ ಕಣೋ," ಅಂದಳು.

ನೊರೀನ್ ಎದ್ದು ಕೋಟು ಹಾಕಿಕೊಂಡಳು. ಬೇಸ್ ಗಿಟಾರ್ ತಂಡದ್ದು, ಅದನ್ನು ಮುಟ್ಟಲಿಲ್ಲ. ಅವಳ ಮುಖ ಬೆಳ್ಳಗಾಗಿತ್ತು. ತಪ್ಪಿದ ಎಳೆಯನ್ನು ಮುಟ್ಟಿಯೇ ಹುಡುಕುವ ಬೆರಳಿಗೆ ಈಗ ಗುಂಡಿಯ ತೂತು ಸಿಗುತ್ತಿರಲಿಲ್ಲ. ಜುಲೈ ಕೈತಪ್ಪಿತ್ತು. ಗಿರಣಿ ಸೆಪ್ಟೆಂಬರಿಗೆ ಮುಚ್ಚುತ್ತಿತ್ತು. ಆಚೆಗೆ ಏನಿದೆಯೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪುಸ್ತಕ ಬರೆದ ಆ ನಾಲ್ವರಿಗೆ ಮಾತ್ರ ಮೊದಲೇ ಎಲ್ಲ ಗೊತ್ತಿದ್ದ ಹಾಗಿದೆ: ಮುಂದೆ ಅವಳದೇ ಮೂರು ರೆಕಾರ್ಡ್, ಅರ್ನೆಸ್ಟ್‌ನ ಬ್ಯಾಂಡಿನ ಅರ್ಧ ಜನ ಅದರಲ್ಲಿ ಊದುವುದು, ಯುರೋಪಿನ ಊರೂರು. ಆ ಮಧ್ಯಾಹ್ನ ಅಲ್ಲಿದ್ದದ್ದು ಕೆಲಸ ಹೋಗಲಿದ್ದ ಒಬ್ಬ ಹುಡುಗಿ ಮತ್ತು ಅವಳ ಬಸ್ಸಿನ ವೇಳೆ ಮಾತ್ರ.

ನಾನು ನಡಾವಳಿ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಅವಳ ಹಿಂದೆ ಹೊರಟೆ. ನನ್ನನ್ನು ಯಾರೂ ಉಚ್ಚಾಟಿಸಿರಲಿಲ್ಲ. ಅದಕ್ಕೆ ಬೇಕಾದಷ್ಟು ಕೋರಂ ಕೂಡ ಅಟ್ಟದಲ್ಲಿ ಉಳಿಯಲಿಲ್ಲ.

ಮೆಟ್ಟಿಲ ತಿರುವಿನಲ್ಲಿದ್ದಾಗ ಮೇಲಿನಿಂದ ಕ್ರಿಸ್ಪಿನ್‌ನ ಕೂಗು ಕೇಳಿತು. ಅವನ ಬಾಯಲ್ಲಿ ಪುಸ್ತಕ ಇಲ್ಲದ ಮಾತನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ.

"ನೊರೀನ್! ಆರು ತಿಂಗಳು ಬಿಟ್ಟು ಅರ್ಜಿ ಹಾಕೇ! ನಾನು ನೋಡ್ಕೋತೀನಿ!"

ಅವಳು ಕಂಬಿ ಹಿಡಿದು ಕತ್ತೆತ್ತಿದಳು.

"ನೀನೇ ಹಾಕೋ ಅರ್ಜಿ! ಜೊತೆಗೆ ಏನಾದ್ರೂ ಬಾರಿಸೋದು ಕಲ್ತ್ಕೊಂಡು ಬಾ!"